ಕಮೋಡಿನ ಬುಡದ ನೀರು

ತುಳುವರ ಹೊಸ ವರ್ಷ ಬಿಸು ಕಳೆದು ಎರಡು ದಿನ ಆಗಿತ್ತು. ಪಗ್ಗು ತಿಂಗಳ ಸೆಕೆ, ಬುಧವಾರ ಬೆಳಿಗ್ಗೆ ಎಂಟೂವರೆ ಗಂಟೆ. ನಾರಾವಿಯ ತನ್ನ ಮನೆಯ ಜಗಲಿಯಲ್ಲಿ ರುಕ್ಮಯ್ಯ ಗಂಜಿ ಉಂಡು, ಹೆಗಲ ಬೈರಾಸಿನಿಂದ ಬೆನ್ನಿಗೆ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಾಗ ಮಡಂತ್ಯಾರಿನಿಂದ ಫೋನು ಬಂತು. ಮಾತಾಡಿದವನು ಮುನವ್ವರ್. ಮಡಂತ್ಯಾರು ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟವನು, ನಬೀಸಕ್ಕನ ಮಗ.

"ರುಕ್ಮಯ್ಯಣ್ಣ, ಮತ್ತೆ ಸುರುವಾಯ್ತು," ಎಂದ.

ಎಂತದು ಸುರುವಾದದ್ದು ಎಂದು ಕೇಳಬೇಕಾಗಿರಲಿಲ್ಲ. ನಬೀಸಕ್ಕನ ಕಮೋಡಿನ ಬುಡದಲ್ಲಿ ನೀರು. ಇದು ಮೂರನೇ ಸಲ.

ಆ ಕಮೋಡನ್ನು ಕೂರಿಸಿದವನು ರುಕ್ಮಯ್ಯನೇ, ಕಳೆದ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ. ಮೊದಲ ಸಲ ನೀರು ಒಸರಿದ್ದು ದೀಪಾವಳಿಯ ಹೊತ್ತಿಗೆ. ಆಗ ಬುಡದ ಸುತ್ತ ಬಿಳಿ ಸಿಮೆಂಟು ಮೆತ್ತಿ ಬಂದಿದ್ದ. ಎರಡನೇ ಸಲ, ರಂಜಾನಿನ ನೋಂಬು ಹಿಡಿಯುವ ಮೊದಲು, ಕಮೋಡನ್ನೇ ಎತ್ತಿ ಬದಿಗಿಟ್ಟು, ಕೆಳಗಿನ ರಬ್ಬರ್ ವಾಷರು ಬದಲಿಸಿ, ಹೊಸ ಸ್ಕ್ರೂ ಹಾಕಿ, ಸುತ್ತಲೂ ಸಿಲಿಕಾನ್ ಎಳೆದು, ಮೇಲೆ ರಸಮಟ್ಟ ಇಟ್ಟು ನೋಡಿದ್ದ. ರಸಮಟ್ಟದ ಗುಳ್ಳೆ ನಡುಗೆರೆಯಲ್ಲಿ ಅಲ್ಲಾಡದೆ ನಿಂತಿತ್ತು. ಇನ್ನು ಹತ್ತು ವರ್ಷ ಇದರ ಕಡೆ ನೋಡುವುದು ಬೇಡ ಎಂದು ತಾನೇ ಬಾಯಿಬಿಟ್ಟು ಹೇಳಿದ್ದ. ಎರಡು ತಿಂಗಳು ತುಂಬಲಿಲ್ಲ. ಮಳೆಗಾಲವಾದರೆ ನೆಲದ ಒರತೆ ಎಂದಾದರೂ ಹೇಳಬಹುದು. ಪಗ್ಗುವಿನಲ್ಲಿ ಬಾವಿಗೇ ನೀರಿಲ್ಲ.

"ಈಗ ಹೊರಡ್ತೇನೆ," ಎಂದ ರುಕ್ಮಯ್ಯ.

"ಬನ್ನಿ. ಆದ್ರೆ ಮೊದಲೇ ಒಂದು ಹೇಳಿಬಿಡ್ತೇನೆ, ಬೇಜಾರು ಮಾಡ್ಬೇಡಿ. ಮೂಡಬಿದ್ರಿಯ ಒಬ್ಬರಿಗೆ ಹೇಳಿ ಆಗಿದೆ. ಶನಿವಾರ ಅವರ ಜನ ಮಿಷನ್ ತಂದು ನೆಲ ಪೂರ್ತಿ ಒಡೆದು ಹೊಸತು ಮಾಡ್ತಾರೆ. ಒಂದೂವರೆ ತಿಂಗಳು ಹಿಡೀತದಂತೆ. ಶುಕ್ರವಾರ ಜುಲೈಕಾ ಬಂದು ಉಮ್ಮನನ್ನು ಬಂಟ್ವಾಳಕ್ಕೆ ಕರ್ಕೊಂಡು ಹೋಗ್ತಾಳೆ. ಅಲ್ಲಿವರೆಗೆ ಎರಡು ದಿನ ನೀರು ನಿಲ್ಲುವ ಹಾಗೆ ಮಾಡಿಕೊಡಿ, ಸಾಕು."

ಜುಲೈಕಾ ಎಂದರೆ ಮುನವ್ವರನ ತಂಗಿ. ಬಂಟ್ವಾಳದಲ್ಲಿ ಗಂಡನ ಜೊತೆ ಇರುವವಳು.

"ನಬೀಸಕ್ಕ ಎಂತ ಹೇಳ್ತಾರೆ?"

"ಉಮ್ಮ ಎಂತ ಹೇಳುವುದು? ಹೋಗುವುದಿಲ್ಲ ಅಂತ ಹೇಳ್ತಾರೆ. ಹೋಗದೆ ಉಪಾಯ ಉಂಟಾ?"

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮಡಂತ್ಯಾರಿಗೆ ಹೋಗುವಾಗ ರುಕ್ಮಯ್ಯ ಸಾಮಾನಿನ ಚೀಲವನ್ನು ಕಾಲ ಸಂದಿಯಲ್ಲಿಟ್ಟುಕೊಂಡು ತನ್ನ ಎರಡು ಅಂಗೈಗಳನ್ನು ನೋಡುತ್ತ ಕೂತಿದ್ದ. ವಯಸ್ಸು ಅರವತ್ತೊಂಬತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸಿಲಿಕಾನ್ ಟ್ಯೂಬಿನ ಮೇಲೆ ಬರೆದದ್ದನ್ನು ಓದಲಿಕ್ಕೆ ಬರುವುದಿಲ್ಲ, ಮೂಗಿಗೆ ಹಿಡಿದು ಹೊಸತೋ ಹಳತೋ ಹೇಳುತ್ತಾನೆ. ಆದರೆ ಈ ಕಡೆ ಅವನು ಕೆಲಸ ಮಾಡಿದ ಮನೆಗಳಲ್ಲಿ ಯಾವ ಪೈಪು ಯಾವ ಗೋಡೆಯೊಳಗೆ ಎಲ್ಲಿ ತಿರುಗುತ್ತದೆ ಎಂದು ಕೇಳಿದರೆ ಮನೆಯವರಿಗಿಂತ ಮೊದಲು ಹೇಳುವವನು ಅವನೇ. ನಬೀಸಕ್ಕನ ಮನೆಗೆ ಮೊದಲು ಬಂದದ್ದು ಮುನವ್ವರ್ ಹುಟ್ಟಿದ ವರ್ಷ, ಮೂಡಬಿದ್ರಿಯ ಅಬ್ದುಲ್ ಹಕೀಂ ಮೇಸ್ತ್ರಿಯ ಜೊತೆ. ಆಗ ಮನೆಯೊಳಗೆ ಕಕ್ಕಸು ಎಂದರೆ ಜನ ಮುಖ ತಿರುಗಿಸುತ್ತಿದ್ದ ಕಾಲ. ನಬೀಸಕ್ಕನ ಗಂಡ ಹಟ ಹಿಡಿದು ಮಾಡಿಸಿದ್ದರು. ಅವರೂ ಈಗ ಇಲ್ಲ, ಹಕೀಂ ಮೇಸ್ತ್ರಿಯೂ ಇಲ್ಲ. ಮೇಸ್ತ್ರಿ ಹಾಕಿದ ಆ ಕುಕ್ಕರುಗಾಲಲ್ಲಿ ಕೂರುವ ಪಾನು ನಲವತ್ತು ವರ್ಷ ಒಂದು ಹನಿ ಒಸರಲಿಲ್ಲ. ಮೊಣಗಂಟು ಹಿಡಿದು ನಬೀಸಕ್ಕನಿಗೆ ಕೂತರೆ ಏಳಲಿಕ್ಕೆ ಆಗದೆ ಹೋದಾಗ ಅದನ್ನು ತೆಗೆದು ರುಕ್ಮಯ್ಯ ಕಮೋಡು ಇಟ್ಟ. ಒಂಬತ್ತು ತಿಂಗಳಲ್ಲಿ ಮೂರು ಸಲ ಒಸರಿತು.

ಕೈ ಹೋಯಿತು ಎಂದು ಅವನಿಗೆ ಅನ್ನಿಸಿತು. ಕೈ ಹೋದ ಮೇಲೆ ಚೀಲ ಹೊರುವುದು ಯಾಕೆ. ಆದರೆ ತನ್ನ ಕೈ ಹೋದ ತಪ್ಪಿಗೆ ಆ ಹೆಂಗಸು ಮನೆ ಬಿಡಬೇಕಾಯಿತಲ್ಲ, ಅದು ಅವನನ್ನು ಹೆಚ್ಚು ಕೊರೆಯುತ್ತಿತ್ತು.

ಬಾಗಿಲು ತೆರೆದವಳು ಮುನವ್ವರನ ಹೆಂಡತಿ ಆಫ್ರಾ. ಒಳಗೆ ನಬೀಸಕ್ಕ ನೆಲ ಒರೆಸುವ ಕೋಲಿಗೆ ಎರಡೂ ಕೈ ಊರಿ ನಿಂತಿದ್ದಳು. ಅವಳ ಕೋಣೆಯ ಬದಿಗೇ ಬಾತ್‌ರೂಮು, ಅದರ ಬಾಗಿಲಿನಿಂದ ಕೋಣೆಯವರೆಗೂ ನೆಲ ಒದ್ದೆ.

"ಬಂದ್ರಾ ರುಕ್ಮಯ್ಯಣ್ಣ? ನಿಮ್ಮದೊಂದು ಕಮೋಡು, ನನ್ನದೊಂದು ಮೊಣಗಂಟು. ಎರಡರಲ್ಲೂ ನೀರು ತುಂಬಿದೆ ಅಂತ ಎಲ್ಲರೂ ಹೇಳ್ತಾರೆ."

"ಕೊಡಿ ಇಲ್ಲಿ, ನಾನು ಒರೆಸ್ತೇನೆ," ಎಂದು ರುಕ್ಮಯ್ಯ ಕೋಲಿಗೆ ಕೈ ಹಾಕಿದ.

"ನೀವು ಒರೆಸಿದ್ರೆ ಮುಗೀಲಿಲ್ಲ. ಮತ್ತೆ ನಾನು ಒಳ್ಳೆ ನೀರು ಹಾಕಿ ತೊಳೀಬೇಕು."

ಆಫ್ರಾ ತಗ್ಗಿದ ದನಿಯಲ್ಲಿ ಹೇಳಿದಳು. "ದಿನಕ್ಕೆ ಐದು ಹೊತ್ತು ಇದೇ ಕೆಲಸ ಅಣ್ಣ. ಆ ನೀರು ತಾಗಿದ ಕಾಲಲ್ಲಿ ನಮಾಜಿಗೆ ನಿಲ್ಲಲಿಕ್ಕಿಲ್ಲ ಅಲ್ವಾ. ಪ್ರತಿ ಸಲ ನೆಲ ತೊಳೆದು, ಬಟ್ಟೆ ಬದಲಿಸಿ, ಮತ್ತೆ ಕೈಕಾಲು ತೊಳೆದು. ನಾನು ಮಾಡ್ತೇನೆ ಅಂದ್ರೆ ಬಿಡುವುದಿಲ್ಲ. ಮೇಲೆ ನಮ್ಮ ಬಾತ್‌ರೂಮಿಗೆ ಬನ್ನಿ ಅಂದ್ರೆ ಹದಿನಾಲ್ಕು ಮೆಟ್ಟಿಲು. ಅದಕ್ಕೇ ಇವರು ಬಂಟ್ವಾಳಕ್ಕೆ ಕಳಿಸುವ ಅಂತ ಮಾಡಿದ್ದು."

"ಬಂಟ್ವಾಳದಲ್ಲಿ ಮೂರನೇ ಮಹಡಿ," ಎಂದಳು ನಬೀಸಕ್ಕ ಆ ಕಡೆಯಿಂದ. ಅವಳಿಗೆ ಮೊಣಗಂಟು ಮಾತ್ರ ಹಾಳು, ಕಿವಿ ಅಲ್ಲ. "ಲಿಫ್ಟಲ್ಲಿ ಹತ್ತಿಸಿ ಒಳಗೆ ಕೂರಿಸಿ ಬಾಗಿಲು ಹಾಕಿದ್ರೆ ಮುಗೀತು. ಜುಲೈಕಾ ಆಫೀಸಿಗೆ, ಅಳಿಯ ಆಫೀಸಿಗೆ. ನಾನು ಗೋಡೆಯ ಹತ್ತಿರ ಮಾತಾಡ್ಬೇಕು. ಒಂದೂವರೆ ತಿಂಗಳು ಅಂತಾರೆ. ನೆಲ ಒಡೆಯುವವರು ಹೇಳಿದ ತಿಂಗಳು ಯಾವಾಗ ಮುಗಿದದ್ದುಂಟು? ನೀವೇ ಹೇಳಿ, ನೀವೂ ಅದೇ ಜಾತಿಯವರಲ್ವಾ."

ರುಕ್ಮಯ್ಯ ನಗಲಿಲ್ಲ. ಚೀಲ ಇಳಿಸಿ ಒಳಗೆ ಹೋದ.

ಸಿಲಿಕಾನ್ ಒಂದು ಕಡೆ ಬಿರಿದಿತ್ತು. ಆದರೆ ಎಲ್ಲಿ ಬಿರಿದಿದೆ ಎನ್ನುವುದು ಒಂದು, ಯಾಕೆ ಬಿರಿದಿದೆ ಎನ್ನುವುದು ಇನ್ನೊಂದು. ಹಿಂದಿನ ಎರಡು ಸಲವೂ ಅವನು ಬಿರಿದದ್ದನ್ನು ಮುಚ್ಚಿ ಹೋಗಿದ್ದ. ಈ ಸಲ ಅವಸರ ಮಾಡುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿದ್ದ. ನೆಲವನ್ನು ಹಳೆಯ ಬಟ್ಟೆಯಿಂದ ಒಣಗಿಸಿ, ಕಮೋಡಿನ ಬುಡದ ಸುತ್ತ ಪೇಪರು ಹಾಸಿದ. ಆಫ್ರಾಳ ಹತ್ತಿರ ಬಟ್ಟೆಗೆ ಹಾಕುವ ನೀಲಿ ಕೇಳಿ ತಂದು, ಗೋಡೆಯ ಮೇಲಿನ ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಬಿಟ್ಟ. ಎಲ್ಲಿಂದ ಒಸರಿದರೂ ಪೇಪರಿನ ಮೇಲೆ ನೀಲಿ ಬರೆ ಬೀಳಬೇಕು.

ಫ್ಲಶ್ ಮಾಡಿದ. ಕುಕ್ಕರುಗಾಲಲ್ಲಿ ಕೂತು ನೋಡಿದ. ಪೇಪರು ಒಣಗಿಯೇ ಇತ್ತು.

ಟ್ಯಾಂಕು ತುಂಬುವವರೆಗೆ ಕಾದು ಮತ್ತೆ ಮಾಡಿದ. ಎಂತದೂ ಇಲ್ಲ. ಹತ್ತು ಸಲ ಆಯಿತು. ಹೊರಗಿನಿಂದ ಆಫ್ರಾ, "ಅಣ್ಣ, ಮೇಲಿನ ಟ್ಯಾಂಕಿಯಲ್ಲಿ ನೀರು ಅರ್ಧ ಆಯ್ತು. ಬೋರಿನಲ್ಲಿ ಗಾಳಿ ಬರ್ತಾ ಉಂಟು," ಎಂದಳು.

"ಇನ್ನೆರಡು ಸಲ ಮಾರಾಯ್ತಿ."

ಇನ್ನೆರಡು ಸಲವೂ ಎಂತದೂ ಇಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ಮುನವ್ವರ್ ಬಾಗಿಲಲ್ಲೇ ನಿಂತು ಒಣ ಪೇಪರನ್ನೂ ರುಕ್ಮಯ್ಯನನ್ನೂ ನೋಡಿದ.

"ಒಸರುವುದಿಲ್ಲ," ಎಂದ ರುಕ್ಮಯ್ಯ.

"ನಿಮ್ಮನ್ನು ಕಂಡ್ರೆ ಹೆದರ್ತದೆ ಅಂತ ಕಾಣ್ತದೆ. ಬೆಳಿಗ್ಗೆ ಇದೇ ನೆಲದಲ್ಲಿ ನಾನು ಜಾರ್ಲಿಕ್ಕೆ ಹೋದವ." ಮುನವ್ವರ್ ಕೆಟ್ಟವನಲ್ಲ. ಆದರೆ ಅಂಗಡಿಯ ಬಿಸಿ ತಲೆಯಲ್ಲಿತ್ತು. "ರುಕ್ಮಯ್ಯಣ್ಣ, ನಾನು ಚಿಕ್ಕಂದಿನಿಂದ ನಿಮ್ಮನ್ನು ನೋಡಿದವ. ನಿಮ್ಮ ಮೇಲೆ ಮಾತು ಬರಬಾರದು ಅಂತಲೇ ಎರಡು ಸಲ ಸುಮ್ಮನಿದ್ದೆ. ಈಗ ಸಾಕು. ಸಿಲಿಕಾನ್ ಹಚ್ಚಿ ಬಿಡಿ. ಎರಡು ದಿನಕ್ಕಲ್ವಾ."

"ಹಚ್ಚುವ. ನೀನು ಊಟ ಮಾಡಿ ಹೋಗು."

ಅವನು ಹೋದ ಮೇಲೆ ರುಕ್ಮಯ್ಯ ಸಿಲಿಕಾನ್ ಮುಟ್ಟಲಿಲ್ಲ. ಗೋಡೆಗೆ ಒರಗಿ ನೆಲದಲ್ಲಿ ಕೂತ. ಫ್ಲಶ್ ಮಾಡಿದರೆ ಒಸರುವುದಿಲ್ಲ, ಮನೆಯವರು ಬಳಸಿದರೆ ಒಸರುತ್ತದೆ. ಹಾಗಾದರೆ ನಡುವೆ ಇರುವ ಫರಕು ಎಂತದು? ಮೇಲೆ ಕೂತ ಮನುಷ್ಯ. ಅವನು ಎದ್ದು, ಮುಚ್ಚಳ ಹಾಕಿ, ತಾನೇ ಅದರ ಮೇಲೆ ನೆಟ್ಟಗೆ ಕೂತ. ಕೂತೇ ಫ್ಲಶ್ ಮಾಡಿದ. ಬಗ್ಗಿ ನೋಡಿದ. ಒಣ ಪೇಪರು. ಎದ್ದು ನಿಂತು, ಬಲಗೈಯಿಂದ ಕಮೋಡಿನ ಬಲ ಅಂಚನ್ನು ಒತ್ತಿದ. ಕಲ್ಲಿನ ಹಾಗೆ ನಿಂತಿತು. ಎಡ ಅಂಚನ್ನು ಒತ್ತಿದ.

ಕಟ್ ಎಂದಿತು.

ಅಕ್ಕಿ ಕಾಳಿನಷ್ಟು ಅಲುಗಾಟ. ಅವನು ಎಡ ಅಂಚಿನ ಮೇಲೆ ಮೈಯ ಭಾರ ಹಾಕಿ, ಇನ್ನೊಂದು ಕೈಯಿಂದ ಫ್ಲಶ್ ಎಳೆದ. ಬಲಗಡೆ, ಹಿಂದಿನ ಮೂಲೆಯಲ್ಲಿ, ಪೇಪರಿನ ಮೇಲೆ ನೀಲಿ ಗೆರೆಯೊಂದು ಇರುವೆ ಸಾಲಿನ ಹಾಗೆ ಹರಿದು ಬಂತು.

ರುಕ್ಮಯ್ಯ ಉಸಿರು ಬಿಟ್ಟ. ಬೆಳಿಗ್ಗೆಯಿಂದ ಹಿಡಿದಿಟ್ಟ ಉಸಿರು.

ಮತ್ತೆ ಒಂದೊಂದೇ ನೋಡುತ್ತ ಹೋದ. ಎಡದ ಸ್ಕ್ರೂ ಹಾಕಿದ ಹಾಗೆಯೇ ಇತ್ತು. ಬಲದ್ದು ನೆಲದೊಳಗಿನ ಪ್ಲಗ್ಗಿನ ಸಮೇತ ಮೇಲೆ ಬಂದಿತ್ತು. ಸೀಟಿನ ಅಡಿಯಲ್ಲಿ ನಾಲ್ಕು ರಬ್ಬರ್ ಗುಂಡಿಗಳಿರುತ್ತವೆ. ಎಡದ ಎರಡು ಅಪ್ಪಚ್ಚಿಯಾಗಿದ್ದವು, ಬಲದ ಎರಡು ಅಂಗಡಿಯಿಂದ ತಂದ ಹಾಗೆ ಹೊಸತು. ಒಂಬತ್ತು ತಿಂಗಳಿನಿಂದ ಇದರ ಮೇಲೆ ಕೂತವರು ನೆಟ್ಟಗೆ ಕೂತೇ ಇಲ್ಲ. ಎಡಕ್ಕೆ ತಿರುಗಿ, ಎಡದ ಅಂಚಿಗೆ ಭಾರ ಹಾಕಿ ಕೂತಿದ್ದಾರೆ. ಹಾಗೆ ಕೂತು ನೀರು ಬಿಟ್ಟಾಗೆಲ್ಲ ಬಲದ ಬದಿ ಎದ್ದಿದೆ, ಕೆಳಗಿನ ವಾಷರು ಬಾಯಿಬಿಟ್ಟಿದೆ. ಅವನು ಎಷ್ಟು ಸಲ ಮುಚ್ಚಿದರೂ ಅದು ಮತ್ತೆ ಬಿಡುವುದೇ.

"ಆಫ್ರಾ, ಇಲ್ಲಿಗೆ ಬೇರೆ ಯಾರಾದ್ರೂ ಬರುವುದುಂಟಾ?"

"ಇಲ್ಲ ಅಣ್ಣ, ಉಮ್ಮ ಒಬ್ಬರೇ. ನಾನು ತೊಳೀಲಿಕ್ಕೆ ಬರ್ತೇನೆ, ಅಷ್ಟೆ."

ಕಾರಣ ಸಿಕ್ಕಿತು. ಆದರೆ ಅದರ ಹಿಂದೆ ಇನ್ನೊಂದು ಕಾರಣ ಇರಬೇಕು, ಮತ್ತು ಅದನ್ನು ಕೇಳಬೇಕಾದದ್ದು ನಬೀಸಕ್ಕನನ್ನೇ. ರುಕ್ಮಯ್ಯನಿಗೆ ಕೊಳೆಗುಂಡಿಗೆ ಇಳಿಯುವುದು ಇದಕ್ಕಿಂತ ಸುಲಭ ಎಂದು ಕಂಡಿತು.

ನಬೀಸಕ್ಕ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಸ್ಟೂಲಿನ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಅವನು ಕೆಳಗಿನ ಮೆಟ್ಟಿಲಲ್ಲಿ ಕೂತ. ಆಫ್ರಾ ಚಾ ತಂದಿಟ್ಟು ಒಳಗೆ ಹೋದಳು. ಇಬ್ಬರೂ ಯಾವಾಗಲೂ ಮಾತಾಡುವುದು ತುಳುವಿನಲ್ಲಿ. ರುಕ್ಮಯ್ಯ ಚಾ ಲೋಟವನ್ನು ಬದಿಗೆ ಸರಿಸಿದ.

"ನಬೀಸಕ್ಕ, ಒಂದು ಮಾತು ಕೇಳ್ಲಿಕ್ಕುಂಟು."

"ಕೇಳಿ."

"ಬೇಜಾರು ಮಾಡ್ಬಾರ್ದು."

"ಕೇಳಿದ ಮೇಲೆ ನೋಡುವ."

ಅವನು ಬೈರಾಸಿನಿಂದ ಮುಖ ಒರೆಸಿಕೊಂಡ. "ನಿಮಗೆ ಸೊಂಟ ಒಂದು ಬದಿ ನೋವುಂಟಾ? ಬಲದ ಬದಿ?"

"ಇಲ್ಲ. ಮೊಣಗಂಟು ಮಾತ್ರ. ಅದು ಎರಡೂ ಸಮ."

"ಬೆನ್ನು?"

"ಬೆನ್ನಿಗೆ ಎಂತದೂ ಆಗ್ಲಿಲ್ಲ. ನೀವು ಬಂದದ್ದು ಕಮೋಡು ನೋಡ್ಲಿಕ್ಕೋ ನನ್ನನ್ನು ನೋಡ್ಲಿಕ್ಕೋ?"

"ಅಲ್ಲ, ಎಂತ ಅಂದ್ರೆ, ಆ ಕಮೋಡು ಉಂಟಲ್ಲ." ರುಕ್ಮಯ್ಯ ನುಗ್ಗೆಸೊಪ್ಪನ್ನೇ ನೋಡುತ್ತ ಹೇಳಿದ. "ಅದರ ಎಡದ ಬದಿಗೆ ಮಾತ್ರ ಭಾರ ಬೀಳ್ತದೆ. ಆಗ ಬಲದ ಬದಿ ಏಳ್ತದೆ. ಎದ್ದಾಗ ಅಡಿಯ ರಬ್ಬರು ಬಿಡ್ತದೆ, ನೀರು ಬರ್ತದೆ. ನೆಟ್ಟಗೆ ಕೂತ್ರೆ ಬರುವುದಿಲ್ಲ. ನಾನು ಕೂತು ನೋಡಿದೆ. ಮುಚ್ಚಳ ಹಾಕಿ."

ನಬೀಸಕ್ಕನ ಕೈ ನಿಂತಿತು. ತಲೆಯ ಮೇಲಿನ ಬಟ್ಟೆಯ ಅಂಚನ್ನು ಬಾಯಿಗೆ ಅಡ್ಡ ಹಿಡಿದಳು. ನಾಚಿಕೆಯೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ. ಅಂಗಳದಲ್ಲಿ ಕೋಳಿಯೊಂದು ಮಣ್ಣು ಕೆದರುತ್ತಿತ್ತು.

"ಹಾಗಾದ್ರೆ ನೀರು ಬರುವುದು ನನ್ನಿಂದ," ಎಂದಳು ಕೊನೆಗೆ.

"ಹಾಗೆ ನಾನು ಹೇಳ್ಲಿಲ್ಲ."

"ರುಕ್ಮಯ್ಯಣ್ಣ, ನೀವು ಹಕೀಂ ಮೇಸ್ತ್ರಿಯವರ ಜೊತೆ ಎಷ್ಟು ವರ್ಷ ಇದ್ರಿ?"

"ಹದಿಮೂರು ವರ್ಷ."

"ನಮ್ಮವರ ಮನೆಗಳಲ್ಲಿ ಪಾನು ಕೂರಿಸುವ ಮೊದಲು ಅವರು ಒಂದು ಮಾತು ಕೇಳ್ತಿದ್ರು. ಎಂತ ಕೇಳ್ತಿದ್ರು?"

ರುಕ್ಮಯ್ಯ ತಲೆಯೆತ್ತಿ ಅಂಗಳದ ಬಿಸಿಲನ್ನು ನೋಡಿದ.

ಪಡುವಣ ಯಾವ ಕಡೆ. ಹಕೀಂ ಮೇಸ್ತ್ರಿ ಅದನ್ನೇ ಕೇಳುತ್ತಿದ್ದರು. ಸೂರ್ಯ ಕಣ್ಣೆದುರು ಇಳಿಯುತ್ತಿದ್ದರೂ ಅಂಗಳದಲ್ಲಿ ನಿಂತು ಮನೆಯವರ ಬಾಯಿಂದಲೇ ಹೇಳಿಸಿ, ಆಮೇಲೆ ಹಾರೆ ಮುಟ್ಟುತ್ತಿದ್ದರು. ನಮಾಜಿಗೆ ಮುಖ ಮಾಡುವ ಕಿಬ್ಲ ಈ ಊರಿನಿಂದ ಪಡುವಣಕ್ಕೆ. ಕಕ್ಕಸಿನಲ್ಲಿ ಕೂತವರ ಮುಖವೂ ಆ ಕಡೆ ಆಗಬಾರದು, ಬೆನ್ನೂ ಆಗಬಾರದು. ತೆಂಕಕ್ಕೋ ಬಡಗಕ್ಕೋ ಕೂರಿಸಬೇಕು. ಇದು ರುಕ್ಮಯ್ಯ ಆ ಕೆಲಸದಲ್ಲಿ ಕಲಿತ ಮೊದಲ ಪಾಠ. ಎಷ್ಟು ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಅವನೇ ಅಂಗಳದಲ್ಲಿ ನಿಂತು ಹಾಗೆ ಕೇಳಿದ್ದಾನೆ. ಈ ಮನೆಯ ಹಳೆಯ ಪಾನು ತೆಂಕಕ್ಕೇ ಇತ್ತು.

ಕಳೆದ ಆಟಿಯ ಆ ದಿನ ಅವನ ಕಣ್ಣೆದುರು ಬಂತು. ನಬೀಸಕ್ಕ ಹಿಂದಿನ ರಾತ್ರಿ ಕಕ್ಕಸಿನಲ್ಲಿ ಏಳಲಾರದೆ ಅರ್ಧ ಗಂಟೆ ಕೂಗಿದ್ದಳು. ಮುನವ್ವರ್ ಕಮೋಡನ್ನು ಪಿಕಪ್ಪಿನಲ್ಲಿ ತಂದಿಳಿಸಿ, ಸಂಜೆಯೊಳಗೆ ಆಗಬೇಕು ಎಂದು ಅಂಗಡಿಗೆ ಓಡಿದ್ದ. ನೀರಿನ ಪೈಪು ಮೂಡು ಗೋಡೆಯಲ್ಲಿತ್ತು. ರುಕ್ಮಯ್ಯ ಪೈಪನ್ನು ನೋಡಿದ, ಟ್ಯಾಂಕನ್ನು ಅದೇ ಗೋಡೆಗೆ ಹಾಕಿದ, ಕಮೋಡಿನ ಬೆನ್ನನ್ನು ಆ ಗೋಡೆಗೆ ಕೊಟ್ಟ. ಮುಖ ನೇರ ಪಡುವಣಕ್ಕೆ. ಕೇಳಬೇಕಾದ ಮಾತನ್ನು ಕೇಳಲಿಲ್ಲ.

"ಒಂಬತ್ತು ತಿಂಗಳು," ಎಂದ ಅವನು. "ಒಂದು ಮಾತು ಹೇಳಬಾರದಿತ್ತಾ ನಬೀಸಕ್ಕ?"

"ಮೊದಲ ದಿನವೇ ಹೇಳುವ ಅಂತ ಇದ್ದೆ. ನೀವು ಕೆಲಸ ಮುಗಿಸಿ, ಟೈಲ್ಸು ಒರೆಸಿ, ಅಷ್ಟು ಚಂದದಲ್ಲಿ ನೋಡ್ತಾ ನಿಂತಿದ್ರಿ. ಹೇಳಿದ್ರೆ ಎಲ್ಲ ಪುನಃ ಒಡೀಬೇಕು ಅಂತ ನಾನು ತಿಳ್ಕೊಂಡದ್ದು. ಮುನವ್ವರನಿಗೆ ಗೊತ್ತಾದ್ರೆ ನಿಮಗೆ ಎಂತಾದ್ರೂ ಅಂತಾನೆ. ಅಷ್ಟಕ್ಕೆಲ್ಲ ಯಾಕೆ, ಸ್ವಲ್ಪ ತೆಂಕಕ್ಕೆ ತಿರುಗಿ ಕೂತ್ರೆ ಆಯ್ತಲ್ಲ ಅಂತ. ಅದರಿಂದ ನೀರು ಬರ್ತದೆ ಅಂತ ನನಗೆಂತ ಗೊತ್ತು?"

ರುಕ್ಮಯ್ಯ ಚಾ ಲೋಟವನ್ನು ಎತ್ತಿ ಹಾಗೆಯೇ ಕೆಳಗಿಟ್ಟ. "ಬಸ್ಸಲ್ಲಿ ಬರುವಾಗ ನನ್ನ ಕೈ ಹೋಯ್ತು ಅಂತ ಗ್ರಹಿಸಿದ್ದೆ. ಕೈ ಅಲ್ಲ, ತಲೆ ಹೋದದ್ದು."

"ತಲೆ ಹೋದ್ರೆ ಪರವಾಗಿಲ್ಲ. ಪ್ಲಂಬರ್ ಕೆಲಸಕ್ಕೆ ಕೈ ಇದ್ರೆ ಸಾಕು," ಎಂದಳು ನಬೀಸಕ್ಕ. ಬಟ್ಟೆಯ ಅಂಚು ಇನ್ನೂ ಬಾಯಿಯ ಮೇಲಿತ್ತು. ಈಗ ಅವಳು ನಗುತ್ತಿದ್ದದ್ದು ಭುಜದಲ್ಲಿ ಕಾಣುತ್ತಿತ್ತು. ರುಕ್ಮಯ್ಯನಿಗೂ ನಗು ಬಂತು. ಚಾ ಆರಿ ಹೋಗಿತ್ತು, ಕುಡಿದ.

ಸಂಜೆ ಮುನವ್ವರ್ ಬಂದಾಗ ರುಕ್ಮಯ್ಯ ಅವನನ್ನು ಅಂಗಳದಲ್ಲೇ ನಿಲ್ಲಿಸಿ ಹೇಳಿದ. ಸುತ್ತು ಹಾಕಲಿಲ್ಲ. "ದಿಕ್ಕು ತಪ್ಪಿದೆ ಮುನವ್ವರ್. ತಪ್ಪಿದ್ದು ನನ್ನಿಂದ. ಕಮೋಡು ಪಡುವಣಕ್ಕೆ ಮುಖ ಮಾಡಿ ಕೂರಿಸಿದ್ದೇನೆ. ಉಮ್ಮ ಯಾರಿಗೂ ಹೇಳದೆ ತಿರುಗಿ ಕೂತ್ಕೊಂಡು ಬಂದಿದ್ದಾರೆ. ಅದರಿಂದಲೇ ಅಲುಗಿ ನೀರು ಬಿಡುವುದು."

ಮುನವ್ವರ್ ನೇರ ಒಳಗೆ ಹೋದ. ಬಾತ್‌ರೂಮಿನಲ್ಲಿ ನಿಂತು ಮೊಬೈಲು ತೆಗೆದು ಕಿಬ್ಲ ತೋರಿಸುವ ಮುಳ್ಳನ್ನು ನೋಡಿದ. ಮೊಬೈಲು ಬೇಕಾಗಿರಲಿಲ್ಲ. ಗವಾಕ್ಷಿಯಿಂದ ಇಳಿಬಿಸಿಲು ಬಂದು ಕಮೋಡಿನ ಮುಖಕ್ಕೆ ನೇರ ಬೀಳುತ್ತಿತ್ತು. ಅವನು ಹೊರಗೆ ಬಂದಾಗ ಮಧ್ಯಾಹ್ನದ ಬಿಸಿ ಮುಖದಲ್ಲಿರಲಿಲ್ಲ.

"ದಿನಾ ಆ ಬಾಗಿಲ ಎದುರೇ ಹೋಗ್ತೇನೆ ನಾನು," ಎಂದ. "ನೆಲದ ನೀರು ಮಾತ್ರ ನೋಡಿದೆ."

"ನಾನು ಪೈಪು ಮಾತ್ರ ನೋಡಿದೆ."

"ಈಗ ಎಂತ ಮಾಡುವುದು? ಆ ಮಿಷನಿನವರು ಹೇಗೂ ಒಡೀತಾರೆ. ಅವರಿಗೇ ಹೇಳಿ ತಿರುಗಿಸಿದ್ರೆ ಆಯ್ತು."

"ಒಡೀಲಿಕ್ಕೆ ಎಂತದೂ ಇಲ್ಲ. ಕೆಳಗಿನ ತೂತು ಹಕೀಂ ಮೇಸ್ತ್ರಿ ಮಾಡಿದ್ದು. ಮೂಲೆಯಲ್ಲಿ ಉಂಟು, ಮೂಡು ಗೋಡೆಗೂ ಬಡಗು ಗೋಡೆಗೂ ಅಂತರ ಒಂದೇ. ಕಮೋಡು ಅದೇ ತೂತಿನ ಮೇಲೆ ತಿರುಗಿ ಕೂರ್ತದೆ, ಬೆನ್ನು ಬಡಗು ಗೋಡೆಗೆ, ಮುಖ ತೆಂಕಕ್ಕೆ. ಹೊಸತಾಗಿ ಎರಡು ಸ್ಕ್ರೂ ತೂತು. ಟ್ಯಾಂಕು ಈ ಗೋಡೆಯಿಂದ ಆ ಗೋಡೆಗೆ. ನಾಳೆ ಒಂದು ದಿನದ ಕೆಲಸ."

ಮುನವ್ವರ್ ಯೋಚನೆ ಮಾಡಿದ. "ಮತ್ತೆ ಒಸರಿದ್ರೆ?"

"ಒಸರಿದ್ರೆ ಶನಿವಾರ ಅವರು ಬರ್ಲಿ. ಮೊದಲ ಟೈಲ್ಸು ನಾನೇ ಒಡೆದು ಕೊಡ್ತೇನೆ. ಉಮ್ಮ ಬಂಟ್ವಾಳಕ್ಕೆ ಹೋಗ್ಲಿ. ನಾನು ಮಾತಾಡುವುದಿಲ್ಲ."

"ಸರಿ. ಶುಕ್ರವಾರದವರೆಗೆ ನೋಡುವ. ಅವರನ್ನು ಬೇಡ ಅಂತ ಈಗಲೇ ಹೇಳುವುದಿಲ್ಲ."

ಗುರುವಾರ ಬೆಳಿಗ್ಗೆ ಏಳಕ್ಕೇ ರುಕ್ಮಯ್ಯ ಬಂದ. ಒಳಗೆ ಹೋಗಲಿಲ್ಲ. ಅಂಗಳದಲ್ಲಿ ಚೀಲ ಹಿಡಿದು ನಿಂತು, "ನಬೀಸಕ್ಕ, ಪಡುವಣ ಯಾವ ಕಡೆ?" ಎಂದು ಕೇಳಿದ.

ಅವಳು ಕಾವಲಿಯ ಮೇಲೆ ನೀರುದೋಸೆ ಬಿಟ್ಟು ಅಡುಗೆಮನೆಯ ಬಾಗಿಲಿಗೆ ಬಂದು, ಸಟ್ಟುಗ ಎತ್ತಿ ಪೇಟೆಯ ಕಡೆಗೆ ತೋರಿಸಿದಳು. "ಅಲ್ಲಿ. ಸರಿ ನೋಡ್ಕೊಳ್ಳಿ, ಮತ್ತೆ ಮರೀಬೇಡಿ."

ಮುನವ್ವರ್ ಅಂಗಡಿಗೆ ಹೋಗದೆ ಲುಂಗಿ ಎತ್ತಿ ಕಟ್ಟಿ ಜೊತೆಗೆ ನಿಂತ. ಇಬ್ಬರೂ ಸೇರಿ ಕಮೋಡನ್ನು ಎತ್ತಿದರು. ಅಡಿಯ ಹಳೆಯ ಸಿಮೆಂಟು, ಸಿಲಿಕಾನ್ ಎಲ್ಲವನ್ನೂ ರುಕ್ಮಯ್ಯ ಉಳಿಯಿಂದ ಕೆರೆದು, ತೂತಿನ ಬಾಯಿಯನ್ನು ಬಟ್ಟೆಯಿಂದ ಒಣಗಿಸಿ ಬೆರಳಾಡಿಸಿ ನೋಡಿದ. ನಲವತ್ತು ವರ್ಷದ ಹಿಂದೆ ಹಕೀಂ ಮೇಸ್ತ್ರಿ ನಯ ಮಾಡಿದ ಅಂಚು ಹಾಗೆಯೇ ಇತ್ತು. ಹೊಸ ವಾಷರು ಇಟ್ಟ. ಕಮೋಡನ್ನು ಇಳಿಸುವಾಗ ಮುನವ್ವರನಿಗೆ ಬೆವರು ಕಣ್ಣಿಗೆ ಇಳಿದು, "ಬೇಗ ಹೇಳಿ ಮಾರಾಯ್ರೆ, ಕೈ ಬಿಡ್ತದೆ," ಎಂದ.

"ಬಿಡು ನೋಡುವ. ಬಿಟ್ರೆ ನಿನ್ನ ಕಾಲ ಮೇಲೆ. ಚಪ್ಪಲಿ ನಿನ್ನ ಅಂಗಡಿಯದ್ದೇ ಅಲ್ವಾ, ಗಟ್ಟಿ ಇರ್ತದೆ."

ಕೂತಿತು. ಸ್ಕ್ರೂ ಬಿಗಿದು, ರಸಮಟ್ಟ ಇಟ್ಟು, ಬುಡದ ಸುತ್ತ ಸಿಲಿಕಾನ್ ಎಳೆದು, ಬೆರಳನ್ನು ಸಾಬೂನು ನೀರಿನಲ್ಲಿ ಅದ್ದಿ ಸವರಿದ. ಟ್ಯಾಂಕನ್ನು ಬಡಗು ಗೋಡೆಗೆ ಏರಿಸುವಾಗ ಮಸೀದಿಯಿಂದ ಮಧ್ಯಾಹ್ನದ ಬಾಂಗು ಕೇಳಿತು. ನಾಳೆ ಮಧ್ಯಾಹ್ನದವರೆಗೆ ಯಾರೂ ಮುಟ್ಟಬಾರದು ಎಂದು ರುಕ್ಮಯ್ಯ ಬಾಗಿಲಿಗೆ ಅಡ್ಡ ಹಿಡಿಸೂಡಿ ಪೊರಕೆ ಇಟ್ಟ. ಆ ದಿನವಿಡೀ ನಬೀಸಕ್ಕ ಮಗನ ತೋಳು ಹಿಡಿದು ಹದಿನಾಲ್ಕು ಮೆಟ್ಟಿಲು ಹತ್ತಿ ಇಳಿದಳು. ಒಂದೊಂದು ಮೆಟ್ಟಿಲಿಗೂ ಅವಳು ಒಂದೊಂದು ಮಾತು ಹೇಳಿದಳು ಎಂದು ಆಫ್ರಾ ಆಮೇಲೆ ಹೇಳಿದಳು.

ಶುಕ್ರವಾರ ಕೆಲಸ ಏನೂ ಇರಲಿಲ್ಲ. ಆದರೂ ರುಕ್ಮಯ್ಯ ಬಂದ. ಹನ್ನೊಂದು ಗಂಟೆಗೆ ಜುಲೈಕಾಳ ಕಾರು ಅಂಗಳಕ್ಕೆ ಬಂತು. ಇಳಿದವಳೇ, "ಉಮ್ಮ, ಬಟ್ಟೆ ತುಂಬಿಸಿ ಆಯ್ತಾ?" ಎಂದು ಕೇಳಿದಳು.

"ತುಂಬಿಸ್ಲಿಲ್ಲ."

"ಯಾಕೆ?"

"ರುಕ್ಮಯ್ಯಣ್ಣ ಸಿಲಿಕಾನ್ ಹಚ್ಚಿದ್ದಾರೆ. ಒಣಗ್ಲಿ."

ಜುಲೈಕಾ ಅಣ್ಣನ ಮುಖ ನೋಡಿದಳು. ಮುನವ್ವರ್ ತನ್ನ ಮೊಬೈಲು ನೋಡಿದ. ನಡೆದದ್ದನ್ನೆಲ್ಲ ಆಫ್ರಾ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು. ಒಳಗಿನಿಂದ ಮೊದಲು "ಅಲ್ಲಾ" ಎಂದೂ ಆಮೇಲೆ ಬಾಯಿ ಮುಚ್ಚಿದ ನಗೆಯೂ ಕೇಳಿತು.

ಮುನವ್ವರ್ ಜುಮಾ ನಮಾಜು ಮುಗಿಸಿ ಬಂದ. ಊಟ ಆಯಿತು. ಎರಡು ಗಂಟೆಗೆ ರುಕ್ಮಯ್ಯ ಹಿಡಿಸೂಡಿ ತೆಗೆದು, ಟ್ಯಾಂಕಿಗೆ ನಾಲ್ಕು ಹನಿ ನೀಲಿ ಬಿಟ್ಟು, ಬುಡದ ಸುತ್ತ ಹೊಸ ಪೇಪರು ಹಾಸಿ ಹೊರಗೆ ಬಂದ. ನಬೀಸಕ್ಕ ಯಾರನ್ನೂ ನೋಡದೆ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹೊರಗೆ ನಾಲ್ವರೂ ಚಾವಡಿಯಲ್ಲಿ ಕೂತರು. ಮುನವ್ವರ್ ಈ ವರ್ಷ ಮಾವಿನಕಾಯಿ ಕಮ್ಮಿ ಎಂದ. ಕಮ್ಮಿಯೇ ಎಂದ ರುಕ್ಮಯ್ಯ. ಬಂಟ್ವಾಳದಲ್ಲೂ ಕಮ್ಮಿ ಎಂದಳು ಜುಲೈಕಾ. ಮಾವಿನಕಾಯಿಯ ಮಾತು ಅಲ್ಲಿಗೆ ಮುಗಿಯಿತು. ರುಕ್ಮಯ್ಯ ಎರಡು ಅಂಗೈಗಳನ್ನೂ ಪಂಚೆಗೆ ಒರೆಸಿಕೊಂಡ. ಫ್ಲಶ್ಶಿನ ಶಬ್ದ ಕೇಳಿತು. ಚಿಲಕ ತೆಗೆಯಲಿಕ್ಕೆ ತುಂಬ ಹೊತ್ತು ಹಿಡಿಯಿತು.

"ಹೇಗುಂಟು ಉಮ್ಮ?" ಎಂದಳು ಜುಲೈಕಾ.

"ಎಂತ ಹೇಗೆ? ಈ ಮನೆಯಲ್ಲಿ ನೆಟ್ಟಗೆ ಕೂತು ಒಂಬತ್ತು ತಿಂಗಳಾಗಿತ್ತು," ಎಂದು ನಬೀಸಕ್ಕ ತನ್ನ ಕೋಣೆಗೆ ಹೋದಳು.

ರುಕ್ಮಯ್ಯ ಒಳಗೆ ಹೋಗಿ ಮೊಣಕಾಲೂರಿ ಪೇಪರನ್ನು ಒಂದೊಂದಾಗಿ ಎತ್ತಿ ನೋಡಿದ. ಒಂದು ಚುಕ್ಕಿ ನೀಲಿ ಇರಲಿಲ್ಲ. ಎಡ ಅಂಚನ್ನು ಒತ್ತಿದ, ಬಲ ಅಂಚನ್ನು ಒತ್ತಿದ. ಅಲುಗಲಿಲ್ಲ. ಹಿಂದೆ ನಿಂತ ಮುನವ್ವರನಿಗೆ ಪೇಪರು ಕೊಟ್ಟ. ಅವನು ಅದನ್ನು ಹೊರಗಿನ ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದ. ಆಮೇಲೆ ಅಂಗಳಕ್ಕೆ ಇಳಿದು ಮೂಡಬಿದ್ರಿಗೆ ಫೋನು ಮಾಡಿ, ನಾಳೆ ಬರುವುದು ಬೇಡ, ಆಗಿದೆ ಎಂದು ಹೇಳುತ್ತಿದ್ದದ್ದು ರುಕ್ಮಯ್ಯನಿಗೆ ಕೇಳಿತು. ಅವನು ಏಳಲಿಲ್ಲ. ಅಲ್ಲೇ ಗೋಡೆಗೆ ಒರಗಿ, ಆ ಒಣ ನೆಲದಲ್ಲಿ ಸ್ವಲ್ಪ ಹೊತ್ತು ಕೂತ. ತಂಪಾಗಿತ್ತು.

ಇಳಿಹೊತ್ತಿನ ಅಸರ್ ಬಾಂಗಿಗೆ ನಬೀಸಕ್ಕ ಕೈಕಾಲು ತೊಳೆದು, ಉಟ್ಟ ಬಟ್ಟೆಯಲ್ಲೇ ಹೋಗಿ ನಮಾಜಿಗೆ ನಿಂತಳು. ನೆಲ ತೊಳೆಯಲಿಲ್ಲ.

ಜುಲೈಕಾಳಿಗೆ ಮರುದಿನ ಆಫೀಸು ಇತ್ತು. ಆಫ್ರಾ ಅರ್ಧ ಹಲಸಿನ ಹಣ್ಣನ್ನು ಗೋಣಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ, ಉಮ್ಮ ಕೂರಬೇಕಾಗಿದ್ದ ಕಡೆ, ಇಟ್ಟಳು. ಶುಕ್ರವಾರ ಸಂಜೆ ಐದೂವರೆಗೆ ಜುಲೈಕಾ ಒಬ್ಬಳೇ ಬಂಟ್ವಾಳಕ್ಕೆ ಹೋದಳು.